ಸಂಘದ ಅಕ್ಕಾರು

ಕಪ್ಪತಗುಡ್ಡದ ಸೆರಗಿನ ಡೋಣಿ, ಡಂಬಳದಂಥ ಮುಂಡರಗಿ ಸೀಮೆಯ ಊರುಗಳಲ್ಲಿ ಓಣಿಗೊಬ್ಬರಂತೆ ಸಿಗುವವರು ಸಂಘದ ಅಕ್ಕಾರು. ವಯಸ್ಸು ಐವತ್ತರ ಆಚೀಚೆ. ಸ್ತ್ರೀಶಕ್ತಿ ಸಂಘದ ಪ್ರತಿನಿಧಿ, ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆ, ಮಾರ್ಚ್ 8ರ ಕಾಯಂ ಭಾಷಣಕಾರ್ತಿ. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ತಲೆಯಿಂದ ಜಾರುವ ಸೆರಗು ಹಿಡಿದು ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಮಾತಾಡುವುದು ಇವರ ಗುರುತು.

ಭಾಷಣ ಶುರುವಾಗುವುದು 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯಿಂದ, ಮುಗಿಯುವುದು ಅಕ್ಕಮಹಾದೇವಿಯಲ್ಲಿ. ಅರಮನೆ ಧಿಕ್ಕರಿಸಿ ಹೊರಟ ಅಕ್ಕನನ್ನು ಕಣ್ಣೀರು ತುಂಬಿ ಹೊಗಳುತ್ತಾರೆ. ಓಣಿಯ ಹುಡುಗಿ ಗಂಡನ ಮನೆ ಬಿಟ್ಟು ಬಂದರೆ ಮಾತ್ರ ಸಂಜೆಯೊಳಗೆ ಬುದ್ಧಿ ಹೇಳಿ ಬಸ್ಸು ಹತ್ತಿಸುತ್ತಾರೆ. ಕಾರಣ ಕೇಳಿದರೆ ಉತ್ತರ ಸಿದ್ಧ: "ಅಕ್ಕಗ ಚೆನ್ನಮಲ್ಲಿಕಾರ್ಜುನ ಇದ್ದ. ಇಕಿಗೆ ಯಾರದಾರ?"

2010ರಲ್ಲಿ ಪಂಚಾಯಿತಿಗಳ ಮಹಿಳಾ ಮೀಸಲಾತಿ ಶೇ. 50ಕ್ಕೆ ಏರಿದ್ದು ಇವರಿಗೆ ಕುರ್ಚಿ ಕೊಟ್ಟಿತು. ಸದಸ್ಯೆಯರ ಗಂಡಂದಿರು ಸಭೆಗೆ ಬರಕೂಡದೆಂದು ಮೊದಲು ದನಿ ಎತ್ತಿದವರು ಇವರೇ. ತಮ್ಮ ಯಜಮಾನರು ಪಕ್ಕದಲ್ಲೇ ಕೂತಿದ್ದಕ್ಕೆ ಬೇರೆ ನಿಯಮ: "ಅವರು ಗಂಡ ಅಂತ ಬಂದಿಲ್ಲ, ಊರ ಹಿರ್ಯಾರು ಅಂತ ಬಂದಾರ."

ಮಡಿ-ಮೈಲಿಗೆಯಲ್ಲಿ ಇವರ ಸಮನ್ವಯ ಇನ್ನೂ ಸೂಕ್ಷ್ಮ. ಶರಣರು ರಜಸ್ಸೂತಕವೂ ಸೇರಿ ಪಂಚಸೂತಕಗಳನ್ನು ತಳ್ಳಿಹಾಕಿದ್ದನ್ನು ವೇದಿಕೆಯಲ್ಲಿ ವಿವರಿಸುತ್ತಾರೆ. ಮನೆಯಲ್ಲಿ ಸೊಸೆಯನ್ನು ಮೂರು ದಿನ ದೇವರ ಕೋಣೆಯಿಂದ ದೂರ ಇಡುತ್ತಾರೆ. 2025ರಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆ ಒಪ್ಪಿದ ಮೇಲೆ ಈ ಪದ್ಧತಿಗೆ ಹೊಸ ಸಮರ್ಥನೆ ದೊರಕಿದೆ: "ಸರಕಾರ ಒಂದು ದಿನ ಕೊಟ್ಟೈತಿ. ನಮ್ಮ ಹಿರ್ಯಾರು ಮೂರು ಕೊಟ್ಟಿದ್ರು."

2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಗೋ ಸೊಸೆಗೋ ಎಂದು ನಾಡಿನಲ್ಲೆಲ್ಲ ಚರ್ಚೆ ನಡೆದಾಗ ಇವರ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಅದೇ ವರ್ಷ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಸೊಸೆ ಗದಗಕ್ಕೆ ಹೋಗಲು ಬೇಕಾದ ಅಪ್ಪಣೆ ಆ ಯೋಜನೆಯಲ್ಲಿ ಸೇರಿಲ್ಲ.

ಕಠಿಣ ಪರೀಕ್ಷೆ ಆಸ್ತಿಯದು. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ದೇಶಕ್ಕೆಲ್ಲ 2005ರಲ್ಲಿ. ಸಂಘದ ಸಭೆಯಲ್ಲಿ ಇದನ್ನು ಇವರಷ್ಟು ಚೆನ್ನಾಗಿ ತಿಳಿಸುವವರಿಲ್ಲ. ಆದರೆ ತವರಿನ ಎರಿಹೊಲದ ಪಾಲಿಗೆ ಇವರು ಅಣ್ಣನ ಹೆಸರಿಗೆ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟಿದ್ದಾರೆ. "ಪಾಲು ತಗೊಂಡ್ರ ತವರ ಉಳೀತೈತೇನು?" ಎಂಬ ಪ್ರಶ್ನೆಯನ್ನು ಬರೀ ಭಾವುಕತೆ ಎನ್ನಲಾಗದು. ಗಂಡನ ಮನೆಯಲ್ಲಿ ಕಷ್ಟ ಬಂದರೆ ಹೋಗಲು ಇರುವುದು ಆ ಒಂದೇ ಬಾಗಿಲು. ನಾಗರಪಂಚಮಿಗೆ ಕರೆಯಲು ಬರುವ ಅಣ್ಣ ಆ ಬಾಗಿಲು ತೆರೆದಿದೆಯೆಂಬುದಕ್ಕೆ ರಸೀದಿ. ಹೊಲ ಕೊಟ್ಟು ಸೀರೆ, ಉಂಡಿ ಪಡೆದ ನಷ್ಟವನ್ನು ಅಕ್ಕಾರು ಇನ್ನೊಂದು ಕಡೆ ತುಂಬಿಕೊಂಡಿದ್ದಾರೆ: ನಾದಿನಿಯರಿಂದಲೂ ಅಂಥದೇ ಪತ್ರಕ್ಕೆ ಸಹಿ ಹಾಕಿಸಿದ್ದಾರೆ.

ಇಷ್ಟಾದರೂ ಇವರನ್ನು ಕಪಟಿ ಎನ್ನುವುದು ತಪ್ಪು. ಬಾಲ್ಯವಿವಾಹದ ಸುಳಿವು ಸಿಕ್ಕರೆ ಹಂದರ ಹಾಕಿದ ಮನೆಗೇ ನುಗ್ಗಿ ನಿಲ್ಲಿಸುತ್ತಾರೆ. ಹುಡುಗಿಗೆ ಹದಿನೆಂಟು ತುಂಬಿದ ಮರುವಾರ ವರ ಹುಡುಕಿ ತರುವವರೂ ಇವರೇ ಆದರೂ, ನಡುವಿನ ವರ್ಷಗಳಲ್ಲಿ ಅವಳು ಕಾಲೇಜಿಗೆ ಹೋಗಿರುತ್ತಾಳೆ. ಅಕ್ಕಾರ ಸ್ತ್ರೀವಾದಕ್ಕೆ ಹೊಸ್ತಿಲೇ ಗಡಿ. ಒಳಗೆ ಅತ್ತೆಯ ಆಡಳಿತ. ಆದರೆ ಮೈಕಿನ ದನಿ ಹೊಸ್ತಿಲು ನೋಡುವುದಿಲ್ಲ. ಭಾಷಣವನ್ನು ತಪ್ಪದೆ ಕೇಳಿದವಳು ಸೊಸೆ. ಮುಂದಿನ ಪಂಚಾಯಿತಿ ಚುನಾವಣೆಗೆ ನಾಮಪತ್ರ ಹಾಕುವವಳೂ ಅವಳೇ, ಮುಂದೊಂದು ದಿನ ಅತ್ತೆಯಾಗುವವಳೂ ಅವಳೇ.