ಕಲಾಂಚೋಗೂ ರಾತ್ರಿ ಬೇಕು ಕಣ್ರೀ

ಅಯ್ಯೋ, ಅದನ್ನ ಯಾಕ್ರೀ ಕಸಕ್ಕೆ ಹಾಕೋಕೆ ಹೊರಟ್ರಿ? ಹೂ ಬಾಡಿದೆ ಅಷ್ಟೇ, ಗಿಡ ಗಟ್ಟಿಮುಟ್ಟಾಗಿದೆ. ಎಲೆ ಮುಟ್ಟಿ ನೋಡಿ, ಎಷ್ಟು ದಪ್ಪಗೆ ನೀರು ತುಂಬ್ಕೊಂಡಿದೆ! ಹೂವಿದ್ದಾಗ ಆಸೆಪಟ್ಟು ತರೋದು, ಉದುರಿದ್ಮೇಲೆ ಎಸೆಯೋದು. ನೋಡಿದ್ರೆ ನಂಗೆ ಕರುಳು ಚುರುಕ್ ಅನ್ನುತ್ತೆ.

ಮೊದಲು ಕುಂಡಕ್ಕೆ ಸುತ್ತಿರೋ ಆ ಬಣ್ಣದ ಹಾಳೆ ಬಿಚ್ಚಿಬಿಡಿ. ಅದರೊಳಗೆ ನೀರು ನಿಂತೇ ಬೇರು ಕೊಳೆಯೋದು. ಒಣಗಿದ ಗೊಂಚಲು ಕತ್ತರಿಸಿ. ಕೆಂಪು ಮಣ್ಣಿಗೆ ದಪ್ಪ ಮರಳು ಧಾರಾಳವಾಗಿ ಬೆರೆಸಿ, ಒಂದು ಹಿಡಿ ಗೊಬ್ಬರ ಸಾಕು. ಮಣ್ಣಿಗೆ ಬೆರಳಿಟ್ಟಾಗ ಒಣಗಿದ್ರೆ ಮಾತ್ರ ನೀರು.

ಇನ್ನು ಮನೆಯೊಳಗೆ ಮತ್ತೆ ಹೂ ಯಾಕೆ ಬರಲ್ಲ ಅಂದ್ರೆ, ನಾವು ಅದಕ್ಕೆ ರಾತ್ರೀನೇ ಕೊಡಲ್ಲ! ಬೆಂಗಳೂರಲ್ಲಿ ಜೂನ್ ಹಗಲು ಹದಿಮೂರು ಗಂಟೆಗೆ ಹತ್ತಿರ, ಡಿಸೆಂಬರಲ್ಲಿ ಹನ್ನೊಂದೂವರೆಗೂ ಕಮ್ಮಿ. ಹಗಲು ಚಿಕ್ಕದಾಗಿ ಇರುಳು ಉದ್ದ ಆದಾಗಲೇ ಕಲಾಂಚೋ ಮೊಗ್ಗು ಕಟ್ಟೋದು. ನಾವು ಹನ್ನೊಂದು ಗಂಟೆ ತನಕ ಟ್ಯೂಬ್‌ಲೈಟ್ ಉರಿಸಿದ್ರೆ ಅದರ ಪಾಲಿಗೆ ಇನ್ನೂ ಹಗಲೇ. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಬಿದ್ರೂ ಸಾಕು, ಕೆಟ್ಟಿತು. ಅದಕ್ಕೇ ಅಕ್ಟೋಬರಲ್ಲಿ ಶುರುಮಾಡಿ: ಸಂಜೆ 6ಕ್ಕೆ ರಟ್ಟಿನ ಡಬ್ಬ ಕವುಚಿ, ಬೆಳಿಗ್ಗೆ 8ಕ್ಕೆ ತೆಗೆದು ಕಿಟಕಿಯ ಒಳ್ಳೆ ಬೆಳಕಿಗೆ ಇಡಿ. ಆರು ವಾರ ತಪ್ಪದೆ ಮಾಡಿ, ಆಮೇಲೆ ಮೊಗ್ಗು ನೋಡಿ.

ಇದರ ಮೂಲ ಮಡಗಾಸ್ಕರ್ ಬೆಟ್ಟ, ಕೆಂಪು ಹೂವಿನ ಗಿಡ. ಜರ್ಮನಿಯ ಪಾಟ್ಸ್‌ಡ್ಯಾಮಲ್ಲಿ ಬ್ಲಾಸ್‌ಫೆಲ್ಡ್ ಅನ್ನೋರು 1932ರಲ್ಲಿ ಇದನ್ನ ಮಾರುಕಟ್ಟೆಗೆ ತಂದ್ರು, ಗಿಡಕ್ಕೆ ಅವರ ಹೆಸರೇ ಇದೆ. ಬೇರೆ ಜಾತಿಗಳ ಜೊತೆ ಸಂಕರ ಮಾಡಿದ್ಮೇಲೇ ಈ ಹಳದಿ, ಕಿತ್ತಳೆ, ಗುಲಾಬಿ ಎಲ್ಲ ಬಂದದ್ದು.

ನಮ್ಮ ಕಾಡುಬಸಳೆ ಇದೆಯಲ್ಲ, ಎಲೆ ಅಂಚಲ್ಲೇ ಮರಿ ಹಾಕೋದು, ಅದೂ ಇದರ ದಾಯಾದಿ. ಟಿಪ್ಪು ಕಾಲ ಮುಗಿದ ಮೇಲೆ ಲಾಲ್‌ಬಾಗ್ ನೋಡ್ಕೊಂಡ ಬೆಂಜಮಿನ್ ಹೇಯ್ನ್ ಅದರ ಎಲೆ ಅಗಿದು ನೋಡಿದ್ದರು: ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಕಹಿ. ಇದನ್ನ ಬರೆದ ಅವರ ಪತ್ರ 1815ರಲ್ಲಿ ಅಚ್ಚಾಯ್ತು. ಈ ಗಿಡಗಳು ಬಿಸಿಲಲ್ಲಿ ನೀರು ಆವಿಯಾಗದ ಹಾಗೆ ಎಲೆಯ ರಂಧ್ರ ಮುಚ್ಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳ್ಕೊಂಡು ಹುಳಿಯಾಗಿ ಕೂಡಿಡ್ತವೆ. ಹಗಲಲ್ಲಿ ಆ ಹುಳಿ ಕರಗಿಸಿ ಅಡುಗೆ ಮಾಡ್ಕೊಳ್ತವೆ. ಅಂದ್ರೆ ಉಸಿರಿಗೂ ರಾತ್ರಿ, ಹೂವಿಗೂ ರಾತ್ರಿ!

ನೀವು ಮಾತ್ರ ಅಗಿಯೋಕೆ ಹೋಗಬೇಡಿ. ಕಲಾಂಚೋದಲ್ಲಿ ಹೃದಯಕ್ಕೆ ಹೊಡೆಯೋ ವಿಷ ಇದೆ. ನಿಮ್ಮ ಬೆಕ್ಕಿಗೆ ಎಟುಕದ ಹಾಗೆ ಇಡಿ.

ಗಿಡ ಸೊರಗಿದೆ ಅನ್ನಿಸಿದ್ರೆ ನಾಕೆಲೆ ಇರೋ ಕುಡಿ ಕತ್ತರಿಸಿ, ಎರಡು ದಿನ ನೆರಳಲ್ಲಿ ಗಾಯ ಒಣಗಿಸಿ ನೆಟ್ಟುಬಿಡಿ, ಬೇರು ಬಿಡುತ್ತೆ. ನಮ್ಮನೇಲಿ ಹಳದಿ ಇದೆ, ಅದರ ಕುಡಿ ಕೊಡ್ತೀನಿ. ನಿಮ್ಮ ಕೆಂಪಿನದ್ದು ನಂಗೊಂದು ಕೊಡಿ. ರಟ್ಟಿನ ಡಬ್ಬಾನೂ ನಮ್ಮಲ್ಲೇ ಇದೆ, ಅಕ್ಟೋಬರಲ್ಲಿ ಕೂಗಿ.