ಧೂಮಸ್ರಾವ ಪ್ರಕರಣ

ಎಂಜಿನ್ನಿನಿಂದ ಹೊರಟ ಹೊಗೆ ಸೈಲೆನ್ಸರಿನ ಬಾಲ ಮುಟ್ಟುವ ಮೊದಲೇ ದಾರಿ ತಪ್ಪಿ ಹೊರಬಿದ್ದರೆ ಅದು ಧೂಮಸ್ರಾವ. ಗ್ಯಾರೇಜಿನ ಆಚಾರ್ಯರು ‘ಲೀಕು’ ಎಂದು ಮುಗಿಸುತ್ತಾರೆ. ಶಾಸ್ತ್ರಕ್ಕೆ ಅಷ್ಟು ಸಾಲದು. ಸ್ಥಾನಭೇದದಿಂದ ಇದು ತ್ರಿವಿಧ: ಪುಚ್ಛಜ, ಮಧ್ಯಜ, ಶಿರೋಜ.

ಪುಚ್ಛಜವು ತುಕ್ಕು ಹಿಡಿದ ಸೈಲೆನ್ಸರಿನಲ್ಲಿ ಹುಟ್ಟುವಂಥದ್ದು. ಲಕ್ಷಣ, ಭರ್ರೆಂಬ ಮಹಾನಾದ. ಬಾಧಿತರು, ಅಕ್ಕಪಕ್ಕದ ಮನೆಯವರು. ಎಂಜಿನ್ನಿಗೆ ಇದರಿಂದ ಹೆಚ್ಚಿನ ಕೇಡಿಲ್ಲ. ಆದರೂ ಮಾಲೀಕರು ಎದ್ದುಬಿದ್ದು ಓಡುವುದು ಇದೊಂದಕ್ಕೇ. ಮಧ್ಯಜವು ಸೀಟಿನಡಿಯ ಪೈಪಿನ ಜೋಡಣೆಗಳಲ್ಲಿ ನೆಲೆಸಿ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡನ್ನು ಕಾರಿನೊಳಕ್ಕೆ ಬಿಡಬಲ್ಲದು. ಇಲ್ಲಿ ಅಪಾಯ ಎಂಜಿನ್ನಿಗಲ್ಲ, ಕೂತವರಿಗೆ.

ಶಿರೋಜವೇ ಪ್ರಕರಣದ ನಾಯಕ. ಸಿಲಿಂಡರ್ ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವಿನ ಗ್ಯಾಸ್ಕೆಟ್ ಸುಟ್ಟಾಗ, ಬೋಲ್ಟು ತುಂಡಾದಾಗ, ಎರಕದ ಮ್ಯಾನಿಫೋಲ್ಡ್ ಬಿರುಕು ಬಿಟ್ಟಾಗ ಇದರ ಜನನ. ಬೆಳಿಗ್ಗೆ ಗಾಡಿ ಶುರು ಮಾಡಿದೊಡನೆ ಟಿಕ್ ಟಿಕ್ ಎನ್ನುತ್ತದೆ; ಲೋಹ ಬಿಸಿಯಾಗಿ ಹಿಗ್ಗಿ ಸಂದು ಮುಚ್ಚಿಕೊಂಡರೆ ಸುಮ್ಮನಾಗುತ್ತದೆ. ಗ್ಯಾರೇಜು ತಲುಪುವ ಹೊತ್ತಿಗೆ ಪರಮ ಸಾಧು. ಟ್ಯಾಪೆಟ್ ಸದ್ದೆಂದು ಭ್ರಮಿಸಿ ಟ್ಯಾಪೆಟ್ಟನ್ನೇ ತಿರುಗಿಸಿ ದಕ್ಷಿಣೆ ಪಡೆದ ಪಂಡಿತರೂ ಉಂಟು. ಅವರು ಬಗ್ಗಿ ನೋಡಿದ್ದರೆ ಗ್ಯಾಸ್ಕೆಟ್ಟಿನ ಅಂಚಿನಿಂದ ಬೀಸಣಿಗೆಯಂತೆ ಹರಡಿದ ಮಸಿ ಕಾಣುತ್ತಿತ್ತು.

ಶಿರೋಜಕ್ಕೆ ಎರಡು ಗುಣ: ದಾಹಕ, ವಂಚಕ. ಪೂರ್ತಿ ಭಾರದಲ್ಲಿ ಪೆಟ್ರೋಲ್ ಎಂಜಿನ್ನಿನ ಹೊಗೆ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಬಾಯ್ತೆರೆದ ಕಡೆ ವೈರು, ರಬ್ಬರ್ ಪೈಪು, ಪ್ಲಗ್ಗಿನ ಟೋಪಿ ಏನಿದ್ದರೂ ಆಹುತಿ. ಇದು ದಾಹಕ, ಕಣ್ಣಿಗೆ ಕಾಣುತ್ತದೆ.

ವಂಚಕ ಕಾಣುವುದಿಲ್ಲ. ಹೊಗೆ ಒಂದೇ ಸಮನೆ ಹರಿಯದೆ ಅಲೆಯಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಒತ್ತಡ ತಗ್ಗಿದಾಗ ಅದೇ ಸಂದಿನಿಂದ ಹೊರಗಿನ ಗಾಳಿ ಒಳನುಗ್ಗುತ್ತದೆ. ಮುಂದಿರುವ ಆಕ್ಸಿಜನ್ ಸೆನ್ಸರು ಆ ಗಾಳಿಯನ್ನು ಕಂಡು ‘ಪೆಟ್ರೋಲ್ ಸಾಲದು’ ಎಂದು ಕಂಪ್ಯೂಟರಿಗೆ ದೂರು ಕೊಡುತ್ತದೆ. ಕಂಪ್ಯೂಟರು ವಿಚಾರಣೆಯಿಲ್ಲದೆ ಪೆಟ್ರೋಲ್ ಮಂಜೂರು ಮಾಡುತ್ತದೆ. ಮೈಲೇಜ್ ಇಳಿಯುತ್ತದೆ, ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಹೆಚ್ಚಾದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದು ರಿಂಗು ಸವೆಸುತ್ತದೆ. ಉರಿಯದೆ ಉಳಿದದ್ದು ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದರ ಸೆರಾಮಿಕ್ ಜೇನುಗೂಡನ್ನು ಕರಗಿಸಲೂಬಹುದು. ಅದರ ಮೇಲೆ ಲೇಪಿಸಿರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ; ಬಿಲ್ಲು ನೋಡಿದಾಗ ಅರ್ಥವಾಗುತ್ತದೆ.

ಪೂರ್ವಪಕ್ಷ: ಹೊಗೆ ಬೇಗ ಹೋದರೆ ಎಂಜಿನ್ನಿಗೆ ಹಗುರವಲ್ಲವೇ? ಉತ್ತರಕ್ಕೆ ಟರ್ಬೊ ಡೀಸೆಲ್ ಗಾಡಿಯನ್ನು ಕೇಳಿ. ಟರ್ಬೊ ತಿರುಗುವುದೇ ಆ ಹೊಗೆಯ ತಳ್ಳಿನಿಂದ. ಮೊದಲೇ ಸೋರಿದರೆ ಪಿಕಪ್ ಹೋಗಿ, ಗಾಳಿ ಸಾಲದೆ ಕಪ್ಪು ಹೊಗೆ ಏಳುತ್ತದೆ.

ಅಪವಾದ: ಕಾರ್ಬ್ಯುರೇಟರಿನ ಹಳೆಯ ಬೈಕುಗಳು. ಸೆನ್ಸರಿಲ್ಲದ್ದರಿಂದ ಅವು ವಂಚನೆಗೆ ಅತೀತ. ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಬೆಂಡ್ ಪೈಪಿನಲ್ಲಿ ಪಟ್ ಪಟ್ ಸಿಡಿಯುತ್ತವೆ. ಇದನ್ನೇ ಬೈಕಿನ ಗತ್ತೆಂದು ನಂಬಿದ ಪಂಥವೊಂದಿದೆ; ಅವರೊಡನೆ ವಾದ ವ್ಯರ್ಥ.

ಚಿಕಿತ್ಸೆಯಲ್ಲಿ ಪೇಸ್ಟ್ ಮೆತ್ತುವುದು ಅಧಮ, ಹೊಸ ಗ್ಯಾಸ್ಕೆಟ್ ಉತ್ತಮ. ಮ್ಯಾನಿಫೋಲ್ಡಿನ ಮುಖ ಸೊಟ್ಟಗಾಗಿದೆಯೇ ಎಂದು ಪಟ್ಟಿ ಇಟ್ಟು ನೋಡಿದ ಮೇಲೆ ಹಾಕಿದ್ದು ಅತ್ಯುತ್ತಮ. ಟಿಕ್ ಟಿಕ್ ಕೇಳಿದ ಓದುಗರು ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. ಬೆಳಿಗ್ಗೆ ತಣ್ಣಗಿರುವಾಗ ಮೆಕ್ಯಾನಿಕ್ಕೇ ಶುರು ಮಾಡಿ ಕೇಳಲಿ.