ಮಿತವ್ಯಯ ಹಿಮಪತನ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲು ನಾಲ್ಕು ಅನುಬಂಧಗಳನ್ನು ಹೇಳಬೇಕು: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಹೇಳದಿದ್ದರೆ ಓದುಗ ನಡುದಾರಿಯಲ್ಲೇ ಪುಸ್ತಕ ಮುಚ್ಚುತ್ತಾನೆಂದು ಪ್ರಾಚೀನರ ಅಂಬೋಣ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಬೆಂಗಳೂರು, ಮೈಸೂರು ಅಥವಾ ಹುಬ್ಬಳ್ಳಿಯಲ್ಲಿ ಮನೆಸಾಲದ ಕಂತು ಕಟ್ಟುತ್ತಿರುವ, ಡಿಸೆಂಬರಿನಲ್ಲಿ ಬಾಟಲಿಯೊಳಗೆ ಗಟ್ಟಿಯಾದ ತೆಂಗಿನೆಣ್ಣೆಯನ್ನು ಕಂಡು ‘ಅಬ್ಬಬ್ಬಾ ಚಳಿ’ ಎಂದಿರುವ ಗೃಹಸ್ಥ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಈತನ ಶೀತಾನುಭವದ ಪರಮಾವಧಿ ಎಷ್ಟೆಂಬುದು ಸ್ವಯಂಸಿದ್ಧ. ವಿಷಯ: ಕಾಲಿಗೆ ಎರಡು ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್. ಸಂಬಂಧ: ಈತನಿಗೂ ಹಿಮಕ್ಕೂ ಯಾವ ಸಂಬಂಧವೂ ಇಲ್ಲ, ಹಳೆಯ ಫ್ರಿಜ್ಜಿನ ಫ್ರೀಜರ್ ಕೆರೆದದ್ದನ್ನು ಬಿಟ್ಟರೆ. ಪ್ರಯೋಜನ: ಹೆಂಡತಿ ಮಕ್ಕಳೊಡನೆ ಕಡಿಮೆ ಖರ್ಚಿನಲ್ಲಿ ಬೀಳುವುದು.

ಒಂದು: ಪೂರ್ವಪಕ್ಷ

ಈ ವಿಷಯದಲ್ಲಿ ಮೂರು ಮತಗಳು ಪ್ರಚಲಿತವಾಗಿವೆ.

ಮೊದಲನೆಯವರು ಸ್ವಿಟ್ಜರ್ಲೆಂಡ್‌ವಾದಿಗಳು. ಹಿಮವೆಂದರೆ ಆಲ್ಪ್ಸ್ ಒಂದೇ ಸತ್ಯ, ಉಳಿದದ್ದೆಲ್ಲ ಮಿಥ್ಯೆ ಎಂಬುದು ಇವರ ನಿಲುವು. ಯಶ್ ಚೋಪ್ರಾ ಚಿತ್ರಗಳು ಇವರ ಮೂಲಗ್ರಂಥ. ಇವರನ್ನು ಖಂಡಿಸಲು ತರ್ಕ ಬೇಕಿಲ್ಲ, ಬ್ಯಾಂಕಿನ ಪಾಸ್‌ಬುಕ್ ಸಾಕು.

ಎರಡನೆಯವರು ಪ್ಯಾಕೇಜ್‌ವಾದಿಗಳು. ‘ಆರು ರಾತ್ರಿ, ಏಳು ಹಗಲು, ಎಲ್ಲ ಒಳಗೊಂಡಂತೆ’ ಎಂಬುದು ಇವರ ಮಹಾವಾಕ್ಯ. ಶ್ರೀನಗರ, ಗುಲ್ಮಾರ್ಗ್, ಪಹಲ್ಗಾಮ್, ಸೋನಾಮಾರ್ಗ್ ಎಲ್ಲವೂ ಅದರಲ್ಲಿ ಅಡಕ. ಹಿಮದ ಪಾಲಿಗೆ ಬರುವುದು ಊಟಕ್ಕೆ ಮೊದಲಿನ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ಬಾಡಿಗೆ ಬೂಟು ಹಾಕಿಕೊಳ್ಳುವುದರಲ್ಲಿ, ಉಳಿದರ್ಧ ಗಂಟೆ ಅದನ್ನು ಬಿಚ್ಚುವುದರಲ್ಲಿ ಕಳೆಯುತ್ತದೆ. ನಡುವಿನ ಕ್ಷಣದಲ್ಲಿ ತೆಗೆದ ಫೋಟೋವನ್ನೇ ಇವರು ಸ್ಕೀಯಿಂಗ್ ಎಂದು ಕರೆಯುತ್ತಾರೆ.

ಮೂರನೆಯವರು ಷಡ್ಡಕವಾದಿಗಳು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳಲ್ಲಿ ಇವರು ಒಪ್ಪುವುದು ಶಬ್ದವನ್ನು ಮಾತ್ರ, ಅದೂ ಷಡ್ಡಕನ ಶಬ್ದವನ್ನು.

“ರೀ, ನಮ್ಮ ಭಾವ ಹೋಗಿ ಬಂದಿದ್ದಾರಲ್ಲ, ಅವರನ್ನೇ ಕೇಳಿ.”

“ಅವನು ಹೋಗಿದ್ದು ಮೇ ತಿಂಗಳಲ್ಲಿ ಕಣೇ. ಜಾರಿದ್ದು ಟೈರಿನ ಮೇಲೆ.”

“ಆದರೂ ಹೋಗಿ ಬಂದವರು ಅವರು ತಾನೆ?”

ಈ ವಾದ ಇಂದಿನವರೆಗೂ ಯಾರಿಂದಲೂ ಖಂಡಿತವಾಗಿಲ್ಲ. ಆದ್ದರಿಂದ ಅದನ್ನು ಅಲ್ಲಿಯೇ ಬಿಟ್ಟು ಮುಂದಕ್ಕೆ ಹೋಗುವುದು ಕ್ಷೇಮ.

ಎರಡು: ಕಾಲನಿರ್ಣಯ

ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ಎರಡು: ದಸರೆಯದು, ಬೇಸಿಗೆಯದು. ಹಿಮಾಲಯದಲ್ಲಿ ಹೊಸಬರು ಸ್ಕೀ ಕಲಿಯಲು ಒದಗುವ ಕಾಲ ಜನವರಿ, ಫೆಬ್ರವರಿ. ದಸರೆಗೆ ಹೋದರೆ ಹಿಮ ಇನ್ನೂ ಬಿದ್ದಿರುವುದಿಲ್ಲ, ಬೇಸಿಗೆಗೆ ಹೋದರೆ ಕರಗಿರುತ್ತದೆ, ನಡುವೆ ಹೋಗೋಣವೆಂದರೆ ಕ್ಲಾಸ್ ಟೀಚರ್ ಕರಗುವುದಿಲ್ಲ.

ಕೆಲವರು ಗಣರಾಜ್ಯೋತ್ಸವದ ರಜೆಗೆ ವಾರಾಂತ್ಯವನ್ನು ಸೇರಿಸಿ, ಉಳಿದ ದಿನಗಳಿಗೆ ‘ತೀವ್ರ ಜ್ವರ’ ಎಂದು ಬರೆದು ಕಳಿಸುತ್ತಾರೆ. ಇದು ಶಾಸ್ತ್ರವಿರುದ್ಧ ಮಾತ್ರವಲ್ಲ, ದಡ್ಡತನ ಕೂಡ. ಹೊಸ ಹಿಮವು ಸೂರ್ಯನ ನೇರಳಾತೀತ ಕಿರಣಗಳಲ್ಲಿ ಶೇ 80ರಷ್ಟನ್ನು ತಿರುಗಿ ಮುಖಕ್ಕೇ ಎರಚಬಲ್ಲದು. ಜ್ವರದಿಂದ ಎದ್ದು ಬಂದ ಹುಡುಗನ ಮುಖವೆಲ್ಲ ಕಪ್ಪಾಗಿ, ಕಣ್ಣ ಸುತ್ತ ಮಾತ್ರ ಬಿಳಿಯಾಗಿರುತ್ತದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂದ ನೈಯಾಯಿಕರ ಮಾರ್ಗದಲ್ಲೇ ಟೀಚರೂ ನಡೆಯುತ್ತಾರೆ: ಎಲ್ಲಿ ಗಾಗಲ್ಸಿನ ಗುರುತೋ ಅಲ್ಲಿ ಹಿಮ. ನಿಜ ಹೇಳಿ ರಜೆ ಕೇಳುವುದೇ ಉತ್ತಮ. ಸನ್‌ಸ್ಕ್ರೀನನ್ನು ಮೂಗಿನ ಕೆಳಗೂ ಗದ್ದದ ಅಡಿಗೂ ಬಳಿಯುವುದು ಅತ್ಯುತ್ತಮ.

ಕಾಶ್ಮೀರಿಗಳ ಲೆಕ್ಕದಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಅಂದರೆ ಹಿರಿಯ ಚಳಿ. ಬಳಿಕ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ. ಹಿರಿಯನ ಕಾಲದಲ್ಲಿ ಹಿಮ ಖಾತ್ರಿ ಎಂದು ನಂಬಿ ಹೋದವರಿಗೆ 2024ರ ಜನವರಿಯಲ್ಲಿ ಗುಲ್ಮಾರ್ಗ್ ಹೊಸದೊಂದು ತತ್ತ್ವ ಬೋಧಿಸಿತು. ತಿಂಗಳ ಬಹುಪಾಲು ಅಲ್ಲಿ ಕಂಡದ್ದು ಕಂದು ಹುಲ್ಲು. ಅಲ್ಲಿಯತನಕ ಸಗುಣ ಹಿಮವನ್ನಷ್ಟೇ ಉಪಾಸಿಸಿದ್ದ ಪ್ರವಾಸಿಗರಿಗೆ ಅಂದು ನಿರ್ಗುಣ ಹಿಮದ ದರ್ಶನವಾಯಿತು. ಮಿತವ್ಯಯಿಯು ಹೋಟೆಲಿಗೆ ಮುಂಗಡ ಕಟ್ಟುವಾಗ ರದ್ದತಿಯ ಷರತ್ತನ್ನು ಭಕ್ತಿಯಿಂದ ಪಾರಾಯಣ ಮಾಡಬೇಕೆಂಬುದು ಇದರ ತಾತ್ಪರ್ಯ. ಫೆಬ್ರವರಿಯ ಮೊದಲರ್ಧ ಜನವರಿಯ ಆದಿಗಿಂತ ಭರವಸೆಯದು.

ಮೂರು: ದೇಶನಿರ್ಣಯ

ಭಾರತದಲ್ಲಿ ಹೊಸಬರು ಬೀಳಲು ಯೋಗ್ಯ ಕ್ಷೇತ್ರಗಳು ಮುಖ್ಯವಾಗಿ ಮೂರು.

ಸೋಲಾಂಗ್, ಮನಾಲಿಯಿಂದ 13 ಕಿ.ಮೀ. ದಾರಿಯುದ್ದಕ್ಕೂ ನಂಬರ್ ಹಾಕಿಕೊಂಡ ಬಾಡಿಗೆ ಅಂಗಡಿಗಳು. ಟ್ಯಾಕ್ಸಿಯವನು ತನ್ನ ಪರಿಚಯದ ನಂಬರಿನ ಮುಂದೆಯೇ ಗಾಡಿ ನಿಲ್ಲಿಸುತ್ತಾನೆ, ಬೇರೆ ನಂಬರಿನ ಮುಂದೆ ಬ್ರೇಕ್ ಹಿಡಿಯುವುದಿಲ್ಲ. ಇದಕ್ಕೆ ಕಾರಣ ಯಂತ್ರಶಾಸ್ತ್ರದಲ್ಲಿಲ್ಲ, ಅರ್ಥಶಾಸ್ತ್ರದಲ್ಲಿದೆ. 1961ರಲ್ಲಿ ಶುರುವಾದ ಮನಾಲಿಯ ಸರ್ಕಾರಿ ಪರ್ವತಾರೋಹಣ ಸಂಸ್ಥೆ ಚಳಿಗಾಲದಲ್ಲಿ ಸ್ಕೀ ಕೋರ್ಸ್ ನಡೆಸುತ್ತದೆ. ಶಿಸ್ತು ಬಲ್ಲ ಕಾಲೇಜು ಮಕ್ಕಳಿಗೆ ಅದು ಸರಿ. ಬೆಳಿಗ್ಗೆ ಎಂಟಕ್ಕೆ ಮುಂಚೆ ಕಾಫಿ ಇಲ್ಲದೆ ಕಣ್ಣು ಬಿಡದ ಗೃಹಸ್ಥನಿಗಲ್ಲ.

ಗುಲ್ಮಾರ್ಗ್, ಶ್ರೀನಗರದಿಂದ ಸುಮಾರು 50 ಕಿ.ಮೀ., ಎತ್ತರ ಸುಮಾರು 2,650 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಅಲ್ಲಿನ ಬಸ್‌ಸ್ಟ್ಯಾಂಡೇ ಎತ್ತರ. ಬೇಸಿಗೆಯಲ್ಲಿ ಗಾಲ್ಫ್ ಆಡುವ ಬೋಗುಣಿಯಂಥ ಹುಲ್ಲುಗಾವಲೇ ಚಳಿಗಾಲದಲ್ಲಿ ಹೊಸಬರ ಪಾಠಶಾಲೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆಯೂ ಅಲ್ಲಿದೆ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯದೆಂಬುದನ್ನು ಮೊದಲೇ ತಿಳಿದಿರಬೇಕು. ಬಿದ್ದ ವಿಡಿಯೊ ಅದೇ ಕ್ಷಣ ಫ್ಯಾಮಿಲಿ ಗ್ರೂಪಿಗೆ ಹೋಗುವುದಿಲ್ಲವಾದ್ದರಿಂದ ಕೆಲವು ಆಚಾರ್ಯರು ಇದನ್ನು ಗುಣವೆಂದೇ ಎಣಿಸಿದ್ದಾರೆ.

ಔಲಿ, ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ. ಇಳಿಜಾರಿನಲ್ಲಿ ನಿಂತರೆ ಎದುರಿಗೆ 7,816 ಮೀಟರಿನ ನಂದಾದೇವಿ. ಗಢವಾಲ್ ಮಂಡಲ್ ವಿಕಾಸ್ ನಿಗಮದವರು ಅಲ್ಲಿ 7 ದಿನ ಮತ್ತು 14 ದಿನದ ಕೋರ್ಸ್ ಕಲಿಸುತ್ತ ಬಂದಿದ್ದಾರೆ. ಹರಿದ್ವಾರದಿಂದ ಜೋಶಿಮಠಕ್ಕೆ ಸುಮಾರು 275 ಕಿ.ಮೀ. ಬೆಟ್ಟದ ರಸ್ತೆ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಎಂಬ ನಾಲ್ಕು ಸಂಗಮಗಳಲ್ಲೂ ಪುಣ್ಯ ಸಿಗುತ್ತದೆ, ನಡುವಿನ ತಿರುವುಗಳಲ್ಲಿ ವಾಂತಿ ಬರುತ್ತದೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕುಬಿಟ್ಟಾಗ ಔಲಿಯ ರೋಪ್‌ವೇ ಕೂಡ ನಿಂತಿತು. ಆದ್ದರಿಂದ ಹಳೆಯ ಬ್ಲಾಗು ಓದಿ ಹೊರಡದೆ ರಸ್ತೆ, ರೋಪ್‌ವೇ, ಹಿಮ ಮೂರರ ಸ್ಥಿತಿಯನ್ನೂ ವಿಚಾರಿಸಿಕೊಂಡೇ ಹೊರಡಬೇಕು.

ಆಕ್ಷೇಪ: “ಅತ್ತೆಯವರು ಹಿಮದಲ್ಲಿ ಏನು ಮಾಡಬೇಕು?” ಸಮಾಧಾನ: ಶಂಕರರು ಸ್ಥಾಪಿಸಿದರೆನ್ನುವ ನಾಲ್ಕು ಆಮ್ನಾಯ ಮಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿ, ಉತ್ತರದ್ದು ಜೋಶಿಮಠದ ಜ್ಯೋತಿರ್ಮಠ. ನರಸಿಂಹನ ಗುಡಿಯೂ ಅಲ್ಲಿಯೇ. ಹಿಮಕ್ಕೆ ಹೋಗೋಣವೆಂದರೆ ಮಂಡಿನೋವು ಮುಂದೆ ಮಾಡುವ ಅತ್ತೆ ‘ಶೃಂಗೇರಿಯ ಸೋದರ ಮಠ’ ಎಂದೊಡನೆ ಸ್ವೆಟರ್ ಹುಡುಕಲು ಏಳುತ್ತಾರೆ. ಒಂದೇ ಖರ್ಚಿನಲ್ಲಿ ಭುಕ್ತಿ, ಮುಕ್ತಿ ಎರಡೂ ಸಾಧಿಸುವ ಈ ಮಾರ್ಗಕ್ಕೆ ಸಮುಚ್ಚಯವಾದವೆಂದು ಹೆಸರು.

ನಾಲ್ಕು: ದ್ರವ್ಯನಿರ್ಣಯ

ಇದೇ ಗ್ರಂಥದ ಹೃದಯ.

ಹಿಮಪ್ರವಾಸದ ಖರ್ಚೆಲ್ಲ ಗುಣಾಕಾರದಲ್ಲಿ ನಡೆಯುತ್ತದೆ. ಸ್ಕೀ, ಬೂಟು, ಕೋಲುಗಳ ಬಾಡಿಗೆಗೆ ತಲೆಗಳಿಂದ ಒಮ್ಮೆ, ದಿನಗಳಿಂದ ಇನ್ನೊಮ್ಮೆ ಗುಣಾಕಾರ. ನಾಲ್ಕು ಜನ, ನಾಲ್ಕು ದಿನ: ಹದಿನಾರು ಬಾಡಿಗೆ. ಗೊಂಡೋಲಾ ಎಂಬ ರೋಪ್‌ವೇಯ ಟಿಕೆಟು, ವಿಮಾನದ ಟಿಕೆಟು, ಚಹಾ, ಮ್ಯಾಗಿ ಎಲ್ಲಕ್ಕೂ ಇದೇ ನಿಯಮ. ಇಡೀ ಲೆಕ್ಕದಲ್ಲಿ ಭಾಗಾಕಾರಕ್ಕೆ ಎಡೆಯಿರುವುದು ಒಂದೇ ಕಡೆ: ಮೇಷ್ಟ್ರು. ದಿನಕ್ಕೆಂದು ಒಬ್ಬ ಸ್ಕೀ ಮೇಷ್ಟ್ರನ್ನು ಗೊತ್ತುಮಾಡಿಕೊಂಡರೆ ಅವರ ಸಂಬಳವನ್ನು ಮನೆಮಂದಿಯೆಲ್ಲ ಹಂಚಿಕೊಳ್ಳಬಹುದು. ಆಶ್ಚರ್ಯವೆಂದರೆ ಮಧ್ಯಮವರ್ಗ ಕತ್ತರಿ ಹಾಕುವುದು ಇಲ್ಲಿಗೇ. “ಯೂಟ್ಯೂಬಿನಲ್ಲಿ ಎಲ್ಲಾ ಇದೆ ಬಿಡ್ರೀ” ಎಂದು ಮೇಷ್ಟ್ರನ್ನು ಕೈಬಿಟ್ಟು ಉಳಿಸಿದ ದುಡ್ಡು ಅದೇ ಸಂಜೆ ಅಖರೋಟು, ಕೇಸರಿ, ಶಾಲುಗಳ ರೂಪದಲ್ಲಿ ಪುನರ್ಜನ್ಮ ಪಡೆಯುತ್ತದೆ. ಶಾಲು ಬೆಂಗಳೂರಿನ ಬೀರುವಿನಲ್ಲಿ ಶಾಶ್ವತ ಸಮಾಧಿಗೆ ಹೋಗುತ್ತದೆ.

ಎರಡನೆಯ ದುಂದು ಎತ್ತರದ್ದು. ಗುಲ್ಮಾರ್ಗಿನ ಗೊಂಡೋಲಾ ಎರಡು ಹಂತದ್ದು. ಮೊದಲನೆಯದು ಸುಮಾರು 3,080 ಮೀಟರಿನ ಕೊಂಗ್ದೂರಿಗೆ, ಎರಡನೆಯದು ಸುಮಾರು 3,950 ಮೀಟರಿನ ಅಫರ್ವತ್ ಹೆಗಲಿಗೆ. ಆ ಮೇಲಿನ ಇಳಿಜಾರು ಹದಮಾಡದ ಹಿಮ, ಹಿಮಕುಸಿತದ ಅಪಾಯವಿರುವ ಜಾಗ, ಪಳಗಿದವರ ಪ್ರಾಂತ್ಯ. ನೆಟ್ಟಗೆ ನಿಲ್ಲಲು ಬಾರದವನು ಸ್ಕೀ ಹೊತ್ತು ಅಲ್ಲಿಗೆ ಹೋದರೆ ಟಿಕೆಟಿನ ಹಣ ತೆತ್ತು ಭಯವನ್ನು ಕೊಂಡಂತೆ. ಹೊಸಬನಿಗೆ ಮೊದಲೆರಡು ದಿನ ಬೇಕಾದದ್ದು ಬಹುತೇಕ ಸಮತಟ್ಟಾದ ನೆಲ. ಅದಕ್ಕೆ ಟಿಕೆಟ್ ಇಲ್ಲ.

ಪ್ರಯಾಣದಲ್ಲೂ ಉಳಿತಾಯವುಂಟು. ಕರ್ನಾಟಕ ಎಕ್ಸ್‌ಪ್ರೆಸ್ ಸುಮಾರು 2,400 ಕಿ.ಮೀ. ಓಡಿ ಎರಡು ರಾತ್ರಿ ಕಳೆದ ಮೇಲೆ ದಿಲ್ಲಿ ಮುಟ್ಟಿಸುತ್ತದೆ. ಆದರೆ ಹೋಗಿ ಬರುವುದಕ್ಕೇ ನಾಲ್ಕು ರಾತ್ರಿ ಕೊಟ್ಟವನಿಗೆ ಹಿಮದ ಮೇಲೆ ಉಳಿಯುವ ದಿನಗಳೆಷ್ಟು? ರಜೆ ಉಳ್ಳವನು ರೈಲು ಹತ್ತಲಿ. ಹಣ ಉಳ್ಳವನು ವಿಮಾನ ಹತ್ತಲಿ. ಎರಡೂ ಇಲ್ಲದವನು ಈ ಗ್ರಂಥವನ್ನೇ ಮತ್ತೊಮ್ಮೆ ಓದಲಿ.

ಐದು: ವಸ್ತ್ರಾಧ್ಯಾಯ

ನಮ್ಮ ವಸ್ತ್ರಸಂಹಿತೆ ಎರಡು ಸೂತ್ರಗಳಲ್ಲಿ ಮುಗಿಯುತ್ತದೆ: ಮಂಕಿ ಕ್ಯಾಪು, ಜೀನ್ಸು. ಮೊದಲನೆಯದಕ್ಕೆ ಆಕ್ಷೇಪವಿಲ್ಲ. ಎರಡನೆಯದು ಹತ್ತಿಯಾದ್ದರಿಂದ ನೀರು ಹೀರಿ ಹಿಡಿದಿಟ್ಟುಕೊಂಡು ಚಳಿಯನ್ನು ಮೂಳೆಗೆ ಮುಟ್ಟಿಸುತ್ತದೆ. ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ನೀರು ಒಳಬಿಡದ ಪದರ: ಇದು ಕೋಶತ್ರಯ. ಹೊರಕೋಶವನ್ನು ಬಾಡಿಗೆಗೆ ತರಬಹುದು. ಒಳಕೋಶವನ್ನು ಬಾಡಿಗೆಗೆ ತರತಕ್ಕದ್ದಲ್ಲವೆಂದು ಎಲ್ಲ ಆಚಾರ್ಯರೂ ಒಮ್ಮತದಿಂದ ಹೇಳಿದ್ದಾರೆ. ಕೈಗವಸು, ಕಾಲುಚೀಲ, ಕಪ್ಪು ಕನ್ನಡಕ ಸ್ವಂತದ್ದಿರಲಿ. ವಿಮಾನದ 15 ಕೆ.ಜಿ. ಮಿತಿಯಲ್ಲಿ ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜಿಗೆ ಎಂಟು ಕೆ.ಜಿ. ಮೀಸಲಿಡುವ ಸಂಪ್ರದಾಯವನ್ನು ಪ್ರಶ್ನಿಸುವ ಧೈರ್ಯ ಈ ಗ್ರಂಥಕರ್ತನಿಗಿಲ್ಲ.

ಬೂಟು ಬಾಡಿಗೆಗೆ ಪಡೆಯುವಾಗ ಅಂಗಡಿಯವನು ತೂಕ ಕೇಳುತ್ತಾನೆ. ಬಿದ್ದಾಗ ಸ್ಕೀ ತಾನೇ ಕಳಚಿಕೊಂಡು ಕಾಲನ್ನು ಕಾಪಾಡಲೆಂದು ಬೈಂಡಿಂಗ್ ಎಂಬ ಹಿಡಿಕೆಯ ಬಿಗಿತವನ್ನು ತೂಕ, ಎತ್ತರ, ವಯಸ್ಸು ನೋಡಿ ಹೊಂದಿಸುತ್ತಾರೆ. ಹೆಂಡತಿ ಪಕ್ಕದಲ್ಲಿರುವಾಗ ಹತ್ತು ಕೆ.ಜಿ. ಕಡಿಮೆ ಹೇಳಿದ ಗಂಡನ ಸ್ಕೀ, ನಿಜವನ್ನು ತಾಳಲಾರದೆ ಹೆಜ್ಜೆಗೊಮ್ಮೆ ಕಳಚುತ್ತದೆ. ಸತ್ಯಮೇವ ಜಯತೇ ಎಂಬುದು ಇಲ್ಲಿ ಸ್ಪ್ರಿಂಗಿನ ಮೂಲಕ ಜಾರಿಯಾಗುತ್ತದೆ.

ಆರು: ಪತನಾಧ್ಯಾಯ

ಬೀಳುವುದು ಮೂರು ವಿಧ: ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ. ಇವುಗಳಲ್ಲಿ ಪಕ್ಕಕ್ಕೆ ಬೀಳುವುದೇ ಪ್ರಶಸ್ತ. ಎದ್ದೇಳುವಾಗ ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿ ಇಟ್ಟುಕೊಳ್ಳಬೇಕು. ನೇರವಾಗಿ ಇಟ್ಟುಕೊಂಡು ಎದ್ದವನು ಏಳುವ ಮೊದಲೇ ಹೊರಟಿರುತ್ತಾನೆ.

ನಿಲ್ಲಿಸುವ ವಿದ್ಯೆ ಹೀಗೆ: ಸ್ಕೀಗಳ ತುದಿಗಳನ್ನು ಹತ್ತಿರ ತಂದು, ಹಿಮ್ಮಡಿಗಳನ್ನು ಅಗಲಿಸಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತುವುದು. ಶಾಸ್ತ್ರಭಾಷೆಯಲ್ಲಿ ಇದು ಅಗ್ರಸಂಯೋಗ, ಪಾರ್ಷ್ಣಿವಿಯೋಗ. ಮಕ್ಕಳು ಇದನ್ನು ಬೆಳಿಗ್ಗೆಯೇ ಕಲಿತು ಮಧ್ಯಾಹ್ನದ ಹೊತ್ತಿಗೆ ಅಪ್ಪನನ್ನು ದಾಟಿ ಹೋಗುತ್ತಾರೆ. ಅಪ್ಪನ ತೊಂದರೆ ಕಾಲಿನದಲ್ಲ, ಬುದ್ಧಿಯದು. ಇಳಿಜಾರು ಕಂಡೊಡನೆ ದೇಹ ಹಿಂದಕ್ಕೆ ವಾಲುತ್ತದೆ. ವಾಲಿದೊಡನೆ ಸ್ಕೀಯ ಮುಂಭಾಗಕ್ಕೆ ಭಾರ ತಪ್ಪಿ ಹಿಡಿತ ಹೋಗುತ್ತದೆ. “ಆಗೇ ಝುಕೋ ಸಾಬ್, ಘುಟ್ನಾ ಮೋಡೋ” ಎಂದು ಮೇಷ್ಟ್ರು ಕೂಗುತ್ತಾರೆ. ಮಂಡಿ ಬಗ್ಗಿಸಿ, ಕಣಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತುವಂತೆ ಮುಂದಕ್ಕೆ ಬಾಗಬೇಕು. ಭಯ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೇ ಬಾಗುವ ಈ ಪಾಠವನ್ನು ಯೂಟ್ಯೂಬ್ ತೋರಿಸಬಲ್ಲದು, ಬೆನ್ನ ಮೇಲೆ ಕೈಯಿಟ್ಟು ಬಾಗಿಸಲಾರದು.

ಆಕ್ಷೇಪ: “ದಕ್ಷಿಣದವರ ಮೈಗೆ ಹಿಮ ಒಗ್ಗದು.” ಸಮಾಧಾನ: ಕೊಡಗಿನ ಭವಾನಿ ತೆಕ್ಕಡ ನಂಜುಂಡ 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ, ಅದೇ ಗುಲ್ಮಾರ್ಗಿನಲ್ಲಿ, ಸ್ಕೀಯಿಂಗಿನಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದರು. ಇದು ಪ್ರತ್ಯಕ್ಷ ಪ್ರಮಾಣ, ಷಡ್ಡಕನ ಶಬ್ದ ಇದರ ಮುಂದೆ ನಿಲ್ಲದು.

ಏಳು: ಸಿದ್ಧಾಂತ ಮತ್ತು ಫಲಶ್ರುತಿ

ನಾಲ್ಕು ಊರು ಸುತ್ತಬೇಡಿ, ಒಂದೇ ಊರಿನಲ್ಲಿ ನಾಲ್ಕು ದಿನ ಇರಿ. ಎತ್ತರಕ್ಕೆ ದುಡ್ಡು ಸುರಿಯಬೇಡಿ, ಮೇಷ್ಟ್ರಿಗೆ ಕೊಡಿ. ಬಾಡಿಗೆಯಲ್ಲಿ ಚೌಕಾಶಿ ಮಾಡಿ, ಪಾಠದಲ್ಲಿ ಮಾಡಬೇಡಿ. ವಿಮೆ ಮಾಡಿಸಿದ್ದರೆ ಅದರಲ್ಲಿ ಸ್ಕೀಯಿಂಗ್ ಸೇರಿದೆಯೇ ಎಂದು ಮನೆಯಲ್ಲೇ ಓದಿಕೊಳ್ಳಿ, ಇಳಿಜಾರಿನಲ್ಲಿ ಅಲ್ಲ.

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿ ಅದರಂತೆ ನಡೆದ ಕುಟುಂಬ ನಾಲ್ಕನೆಯ ದಿನದ ಸಂಜೆಗೆ ಐವತ್ತು ಮೀಟರ್ ದೂರವನ್ನು ಬೀಳದೆ ಜಾರಿ ತಾನಾಗಿಯೇ ನಿಲ್ಲಬಲ್ಲದು. ಮೇಷ್ಟ್ರಿಲ್ಲದೆ ಹೋದ ಕುಟುಂಬವೂ ಅಷ್ಟೇ ದೂರ ಜಾರುತ್ತದೆ, ಆದರೆ ನಿಲ್ಲಿಸುವ ಹೊಣೆ ಬೇಲಿಯದಾಗುತ್ತದೆ.